ತುಕ್ಕು ತಿಂದ ಮೇಲೆ ಉಳಿಯುವುದೇನು?

ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗಿಳಿಯಿತು. ಬಲ ಹಾಕಿದ್ದೇನೂ ಇಲ್ಲ. ಹಲಸಿನ ಹಣ್ಣು ಕಳಿತಿದೆಯೇ ಎಂದು ಬೆರಳೊತ್ತಿ ನೋಡುವಷ್ಟೇ ಹಗುರಾಗಿ ಬಾಗಿಲ ಕೆಳಗಿನ ತಗಡಿಗೆ ಒತ್ತಿದ್ದರು. ಹೊರಗೆಳೆದಾಗ ಕಾಫಿಪುಡಿಯಂಥ ಕಂದು ಹುಡಿ ಸುರಿದು ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಪುಟ್ಟ ಗುಡ್ಡೆಯಾಯಿತು. ಒಂದು ಕಾಲದಲ್ಲಿ ಆ ಹುಡಿಯೇ ಕಾರಿನ ಮೈಯನ್ನು ಹೊತ್ತ ಉಕ್ಕಾಗಿತ್ತು.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ನಾನು ಕೆಲಸಕ್ಕಿದ್ದ ದಿನಗಳವು. ನಿವೃತ್ತರಾಗಿದ್ದ ಹಿರಿಯ ಸಹೋದ್ಯೋಗಿಯೊಬ್ಬರು 1967ರ ಎಂಜಿಬಿ ಕಾರೊಂದನ್ನು ತಂದು ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದ್ದರು. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ, ತಂತಿ ಕಡ್ಡಿಗಳ ಚಕ್ರ, ಮೂತಿಯ ಮೇಲೆ ಎಂಟು ಮೂಲೆಯ ಲಾಂಛನ. ಯಾರದೋ ತೋಟದ ಕೊಟ್ಟಿಗೆಯಲ್ಲಿ ಇಪ್ಪತ್ತೈದು ವರ್ಷ ಮಲಗಿದ್ದ ಗಾಡಿ. ಬಾಗಿಲಲ್ಲಿ ನಿಂತು ನೋಡಿದವರಿಗೆ ಒಮ್ಮೆ ತೊಳೆದು ಒಂದು ಕೋಟ್ ಬಣ್ಣ ಹೊಡೆದರೆ ಸಾಕು ಅನ್ನಿಸುತ್ತಿತ್ತು. ದೂರದ ಬೆಟ್ಟ ನುಣ್ಣಗೆ. ಆ ಶನಿವಾರ ಸಂಜೆಯಾಗುವಷ್ಟರಲ್ಲಿ ಅಂಥ ಹದಿನಾಲ್ಕು ತೂತುಗಳಾಗಿದ್ದವು.

‘ಇದನ್ನು ಉಳಿಸಲೋ, ಬಿಡಲೋ?’ ಎಂದು ಅವರು ನನ್ನನ್ನೇ ಕೇಳಿದರು. ‘ಎಂಜಿನ್ ತಿರುಗುತ್ತಿದೆಯಲ್ಲ, ಉಳಿಸಿ’ ಎಂದೆ. ಉತ್ತರ ಏನೇ ಇರಲಿ, ನಾನು ಕೊಟ್ಟ ಕಾರಣ ತಪ್ಪಾಗಿತ್ತು. ಅದು ಯಾಕೆ ತಪ್ಪು ಎಂದು ತಿಳಿಯಲು ಆ ಗ್ಯಾರೇಜಿನಲ್ಲಿ ಬಹಳ ವಾರಾಂತ್ಯಗಳನ್ನು ಕಳೆಯಬೇಕಾಯಿತು.

ಎಂಜಿನ್ ನಮ್ಮ ನೆಂಟನೇ

ನಮ್ಮಲ್ಲಿ ಗಾಡಿ ಅಂದರೆ ಎಂಜಿನ್. ಹಳೇ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತೇವೆ, ಆಯಿಲ್ ಕಡ್ಡಿ ಎಳೆದು ನೋಡುತ್ತೇವೆ, ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ಗಮನಿಸುತ್ತೇವೆ. ಎಂಜಿನ್ ಬಿಚ್ಚುವವರಿಗೆ ಮೇಸ್ತ್ರಿಯ ಗೌರವ. ತಗಡು ಬಡಿಯುವ ಟಿಂಕರ್‌ಗೆ ಗ್ಯಾರೇಜಿನ ಹಿತ್ತಲು.

ಎಂಜಿಬಿಯ ಎಂಜಿನ್ ನಮಗೆ ಅಪರಿಚಿತವೂ ಅಲ್ಲ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ ಸೀರೀಸ್’ ಎಂಬ ವಂಶದ 1798 ಸಿಸಿ ಎಂಜಿನ್ ಅದು. ಅದೇ ವಂಶದ 1489 ಸಿಸಿ ಎಂಜಿನ್ 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಜೋಡಿ ಕಾರ್ಬ್ಯುರೇಟರ್ ಹೊತ್ತು ಓಡಿತು. ಆ ದಶಕ ಮುಗಿಯುವ ಹೊತ್ತಿಗೆ ಅದೇ 1489 ಸಿಸಿ ಎಂಜಿನ್ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್‌ನ ಬಾನೆಟ್ ಕೆಳಗೆ ಬಂದು ಕೂತಿತು. ಮಂತ್ರಿಗಳನ್ನು ವಿಧಾನಸೌಧಕ್ಕೆ, ಮದುವೆ ದಿಬ್ಬಣವನ್ನು ಛತ್ರಕ್ಕೆ ಕರೆತಂದ ನಮ್ಮ ಅಂಬಾಸಿಡರ್‌ಗೂ ಇಂಗ್ಲೆಂಡಿನ ಹಳ್ಳಿರಸ್ತೆಗಳ ಆ ಕೆಂಪು ಎರಡು ಸೀಟಿನ ಕಾರಿಗೂ ಇರುವುದು ರಕ್ತಸಂಬಂಧ.

ಇಂಥ ಎಂಜಿನ್ ಸುಲಭಕ್ಕೆ ಸಾಯುವುದಿಲ್ಲ. ಎರಕದ ಕಬ್ಬಿಣದ ಗಟ್ಟಿ ಬ್ಲಾಕು, ಸರಳ ಜೋಡಣೆ. ಸವೆದರೆ ರೀಬೋರ್, ಹೊಸ ಪಿಸ್ಟನ್, ಹೊಸ ಬೇರಿಂಗ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಬಾಸಿಡರ್ ಬಿಡಿಭಾಗ ಹುಡುಕಿದ ಯಾರಿಗಾದರೂ ಈ ಕೆಲಸದ ಹದ ಗೊತ್ತು. ಎಂಜಿನ್‌ಗೆ ಎಷ್ಟು ಖರ್ಚಾಗುತ್ತದೆಂದು ಮೊದಲೇ ಅಂದಾಜು ಮಾಡಬಹುದು. ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಅಂದಾಜಿಗೆ ಸಿಗದ್ದು ಮೈಯ ತಗಡು.

ಕೋಟೆಗೋಡೆಯ ತಗಡು

ಎಂಜಿಬಿ ಹುಟ್ಟಿದ್ದು 1962ರಲ್ಲಿ, ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ. 1980ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೆ ಚಾವಣಿಯಿಲ್ಲದ್ದು, ಚಾವಣಿಯಿರುವ ಜಿಟಿ ಎಲ್ಲ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. ಅದರ ಹಿಂದಿನ ಎಂಜಿಎಗೆ ಕೆಳಗೊಂದು ಪ್ರತ್ಯೇಕ ಉಕ್ಕಿನ ಚಾಸಿ ಇತ್ತು, ಮೇಲಿನ ಮೈ ಅದಕ್ಕೆ ತೊಡಿಸಿದ ಅಂಗಿಯಂತೆ. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ಮೊಟ್ಟೆಯ ಚಿಪ್ಪಿನ ಹಾಗೆ ಮೈಯೇ ಅದರ ಎಲುಬು. ತೂಕ ಕಡಿಮೆಯಾಯಿತು, ಬಿಗಿ ಹೆಚ್ಚಿತು, ಗಂಟೆಗೆ 160 ಕಿಲೋಮೀಟರ್ ಓಡುವ ಕಾರು ಸಾಮಾನ್ಯ ಸಂಬಳದಾರನ ಕೈಗೆಟುಕಿತು. ಅಂಗಿ ಹರಿದರೆ ಹೊಲಿಯಬಹುದು. ಇಲ್ಲಿ ಹರಿಯುವುದು ಎಲುಬು.

ಆ ಎಲುಬಿನ ಮುಖ್ಯ ಭಾಗ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಸಿಲ್. ಹೊರಗಿಂದ ಒಂದೇ ತಗಡಿನಂತೆ ಕಾಣುತ್ತದೆ. ಕತ್ತರಿಸಿ ನೋಡಿದರೆ ಒಳಗೊಂದು, ಹೊರಗೊಂದು, ನಡುವೆ ನಿಂತ ಪರದೆಯಂಥದ್ದು ಇನ್ನೊಂದು. ಇವನ್ನೆಲ್ಲ ತಳದಲ್ಲಿ ಕೂಡಿಸುವ ಮಡಿಕೆ ತಗಡೊಂದಿದೆ. ಅದರ ಆಕಾರ ಕೋಟೆಗೋಡೆಯ ತೆನೆಗಳಂತಿರುವುದರಿಂದ ಕಸುಬಿನವರು ಅದನ್ನು ‘ಕ್ಯಾಸಲ್ ರೇಲ್’ ಎನ್ನುತ್ತಾರೆ. ಚಾವಣಿಯಿಲ್ಲದ ಕಾರಿನಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಟ್ಟಿರುವುದು ಬಹುಮಟ್ಟಿಗೆ ಈ ಸಿಲ್‌ಗಳೇ.

ತುಕ್ಕು ಇದನ್ನೇ ಹುಡುಕಿಕೊಂಡು ಬರುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ಬ್ರಿಟನ್ನಿನ ರಸ್ತೆಗಳಿಗೆ ಕಲ್ಲುಪ್ಪು ಸುರಿಯುತ್ತಾರೆ. ಚೆಷೈರ್‌ನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕಾಗಿಯೇ ನೆಲದಡಿಯ ದೊಡ್ಡ ಗಣಿಯಿದೆ. ಉಪ್ಪುನೀರು ಚಕ್ರದಿಂದ ಸಿಡಿದು ಸಿಲ್‌ನ ಪೊಳ್ಳಿಗೆ ಹೊಕ್ಕು ಅಲ್ಲೇ ತಂಗುತ್ತದೆ. ಆ ಕಾಲದ ಕಾರ್ಖಾನೆಗಳು ಪೊಳ್ಳಿನೊಳಕ್ಕೆ ಮೇಣ ಸಿಂಪಡಿಸಿ ಕಾಪಾಡುತ್ತಿರಲಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಹೀಗಾಗಿ ಬೆಸೆದ ಎರಡು ತಗಡುಗಳ ನಡುವೆ ಬೆಳೆದು ಅವನ್ನು ಬೇರ್ಪಡಿಸುತ್ತದೆ. ಹೊರಗೆ ಬಣ್ಣದ ಮೇಲೆ ಒಂದು ಗುಳ್ಳೆ ಎದ್ದಾಗ ಒಳಗಿನ ಕೆಲಸ ಮುಗಿದುಹೋಗಿರುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಲ ಗಾಳಿ ಗಾಡಿಯ ತಳಕ್ಕೆ ಏನು ಮಾಡುತ್ತದೆಂದು ಅವರು ಕಂಡಿದ್ದಾರೆ.

ಗುಳ್ಳೆಯ ಮೇಲೆ ಪುಟ್ಟಿ ಮೆತ್ತಿ ಉಜ್ಜಿ ಬಣ್ಣ ಹೊಡೆದರೆ ಕಾರು ಫಳಫಳಿಸುತ್ತದೆ. ಆದರೆ ಪುಟ್ಟಿ ಭಾರ ಹೊರುವುದಿಲ್ಲ. ಇದನ್ನು ಪತ್ತೆಹಚ್ಚಲು ಆ ಹಿರಿಯರು ತೋರಿಸಿದ ಪರೀಕ್ಷೆ ಸರಳವಾದದ್ದು. ಬಾಗಿಲ ಹಿಂಬದಿಯ ಸಂದಿಗೆ ಕಣ್ಣಿಟ್ಟು ಕಾರನ್ನು ನಿಧಾನವಾಗಿ ಜಾಕ್ ಮೇಲೆ ಎತ್ತಬೇಕು. ಗಟ್ಟಿ ಕಾರಿನಲ್ಲಿ ಸಂದಿ ಇದ್ದ ಹಾಗೇ ಇರುತ್ತದೆ. ಅವರ ಕಾರು ಎದ್ದಂತೆ ಸಂದಿ ಮೇಲ್ಗಡೆ ಕಿರಿದಾಗುತ್ತ ಬಂತು. ಕೊನೆಗೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ತೆರೆಯಲೇ ಇಲ್ಲ. ಕಾರು ನಡುವಿನಲ್ಲಿ ಬಾಗುತ್ತಿತ್ತು. ಎಂಜಿನ್ ಮಾತ್ರ ಕೈಯಲ್ಲಿ ತಿರುಗಿಸಿದರೂ ಸಲೀಸಾಗಿ ತಿರುಗುತ್ತಿತ್ತು.

ಮೂಗಿಗಿಂತ ಮೂಗುತಿ ಭಾರ

ಈಗ ಲೆಕ್ಕಕ್ಕೆ ಬರೋಣ. ಬ್ರಿಟನ್ನಿನಲ್ಲಿ ಒಳ್ಳೆಯ ವೆಲ್ಡರ್‌ನ ಕೂಲಿ ಗಂಟೆಗೆ 60 ಪೌಂಡ್ ಎಂದಿಟ್ಟುಕೊಳ್ಳಿ. ಪೂರ್ತಿ ಕೊಳೆತ ಕಾರನ್ನು ಬಿಚ್ಚಿ, ಕತ್ತರಿಸಿ, ಬೆಸೆದು, ಬಣ್ಣ ಬಳಿದು ಜೋಡಿಸಲು 500 ಗಂಟೆ ಎಂದುಕೊಳ್ಳಿ. ಇದು ಧಾರಾಳವಾದ ಅಂದಾಜೇನಲ್ಲ. ಕೂಲಿಯೇ 30,000 ಪೌಂಡ್ ಆಯಿತು. ಪೌಂಡಿಗೆ ನೂರು ರೂಪಾಯಿಗೂ ಮೇಲಿರುವ ಈ ದಿನಗಳಲ್ಲಿ 30 ಲಕ್ಷ ರೂಪಾಯಿ ಮೀರಿತು. ತಗಡು, ಬಣ್ಣ, ಕ್ರೋಮ್, ಸೀಟಿನ ಚರ್ಮ, ಟೈರು, ವೈರಿಂಗ್ ಬೇರೆ. ಹೀಗೆ ಸಿದ್ಧವಾದ ಸಾಧಾರಣ ಎಂಜಿಬಿಗೆ ಮಾರುಕಟ್ಟೆ ಈ ಮೊತ್ತ ಕೊಡುವುದಿಲ್ಲ. ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರಿದು. ಯಾರೋ ಈಗಾಗಲೇ ಕೈಸುಟ್ಟುಕೊಂಡು ಸರಿಪಡಿಸಿದ ಕಾರು ಅದರ ಅರ್ಧ ಬೆಲೆಗೂ ಸಿಗುತ್ತದೆ.

ಇನ್ನೊಂದು ದಾರಿಯೂ ಇದೆ. ಆಕ್ಸ್‌ಫರ್ಡ್‌ಶೈರ್‌ನದೇ ವಿಟ್ನಿ ಊರಿನಲ್ಲಿರುವ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಕಾರ್ಖಾನೆಯ ಹಳೆಯ ಅಚ್ಚುಗಳನ್ನು ಒಟ್ಟುಗೂಡಿಸಿ 1988ರಿಂದ ಎಂಜಿಬಿಯ ಹೊಚ್ಚಹೊಸ ಮೈಯನ್ನೇ ತಯಾರಿಸುತ್ತಿದೆ. ಹಳೆಯದರಿಂದ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟೀರಿಂಗ್ ಬಿಚ್ಚಿ ಇದಕ್ಕೆ ಜೋಡಿಸಬಹುದು. ಆದರೆ ಬರೀ ಆ ಮೈಯ ಬೆಲೆಗೆ ಓಡುವ ಸ್ಥಿತಿಯ ಎಂಜಿಬಿಯೊಂದನ್ನೇ ಮನೆಗೆ ತರಬಹುದು. ದುಡ್ಡಿನ ಲೆಕ್ಕದಲ್ಲಿ ಮೂಗಿಗಿಂತ ಮೂಗುತಿಯೇ ಭಾರ.

ಆದ್ದರಿಂದ ಲಾಭದ ಆಸೆಯಿಂದ ಇದಕ್ಕೆ ಇಳಿಯುವವರಿಗೆ ನನ್ನ ಮಾತು ಸ್ಪಷ್ಟ: ಬೇಡ. ಸಾಲ ಮಾಡಿಯಂತೂ ಖಂಡಿತ ಬೇಡ. ಹಳೇ ಕಾರು ಓಡಿಸುವ ಸುಖವಷ್ಟೇ ಬೇಕೆನ್ನುವವರು ಗಟ್ಟಿಯಿರುವ ಕಾರು ಹುಡುಕಿ ಕೊಳ್ಳಲಿ. ಮೊದಲೇ ಹೆಚ್ಚು ಕೊಟ್ಟಂತೆ ಕಂಡರೂ ಕೊನೆಗೆ ಅದೇ ಅಗ್ಗ.

ಕಾರಿಗೊಂದು ಕಾಯಿಲೆ

ಎಲ್ಲ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಿಗೂ ಒಂದೇ ತೀರ್ಪು ಸಲ್ಲದು. ಟ್ರಯಂಫ್ ಸ್ಪಿಟ್‌ಫೈರ್ ತೆಗೆದುಕೊಳ್ಳಿ. 1962ರಲ್ಲಿ ಬಂದ ಈ ಪುಟ್ಟ ಕಾರಿನ ಚಾಸಿಯ ಮೂಲ ಟ್ರಯಂಫ್ ಹೆರಾಲ್ಡ್. ಅದೇ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾಯಿತು. ಎರಡನ್ನೂ ರೂಪಿಸಿದ್ದು ಇಟಲಿಯ ಜೊವಾನಿ ಮಿಕೆಲೊಟ್ಟಿ. ಬಾನೆಟ್ ಇಡಿಯಾಗಿ ಮುಂದಕ್ಕೆ ಬಗ್ಗಿ, ಎಂಜಿನ್ ಸುತ್ತ ನಿಂತು ಕೆಲಸ ಮಾಡಲು ಬರುವ ಹೆರಾಲ್ಡನ್ನು ಹಳಬರು ಇನ್ನೂ ನೆನೆಯುತ್ತಾರೆ. ಸ್ಪಿಟ್‌ಫೈರ್‌ನದೂ ಅದೇ ಅನುಕೂಲ. ಮೈ ಎತ್ತಿ ಪಕ್ಕಕ್ಕಿಟ್ಟು ಚಾಸಿ ರಿಪೇರಿ ಮಾಡಬಹುದು. ಕೈಕೆಲಸ ಕಲಿಯುವವರಿಗೆ ಇದು ಒಳ್ಳೆಯ ಶಾಲೆ.

1962ರದೇ ಲೋಟಸ್ ಎಲಾನ್‌ನ ಮೈ ಫೈಬರ್‌ಗ್ಲಾಸ್, ತುಕ್ಕಿನ ಭಯವಿಲ್ಲ. ನಡುವಿನ ಬೆನ್ನೆಲುಬಿನಂಥ ಉಕ್ಕಿನ ಚಾಸಿ ಕೆಟ್ಟರೆ ಸತು ಲೇಪಿಸಿದ ಹೊಸದು ಹಾಕಬಹುದು. ಇದಕ್ಕೆ ತದ್ವಿರುದ್ಧ ಆಸ್ಟಿನ್ ಹೀಲಿ 3000. ಅದರ ಮುಂದಿನ, ಹಿಂದಿನ ಮೇಲ್ಮೈ ಅಲ್ಯುಮಿನಿಯಂ, ಪಕ್ಕದ ರೆಕ್ಕೆಗಳು ಉಕ್ಕು. ಎರಡು ಬೇರೆ ಲೋಹಗಳು ತೇವದಲ್ಲಿ ತಾಗಿ ನಿಂತರೆ ಬ್ಯಾಟರಿಯೊಳಗೆ ಆಗುವಂಥದ್ದೇ ಕ್ರಿಯೆ ನಡೆದು ಒಂದು ಸವೆಯುತ್ತದೆ. ಮೈಯನ್ನು ಚಾಸಿಗೆ ಬೆಸೆದೇ ಬಿಟ್ಟಿರುವುದರಿಂದ ಬಿಡಿಸುವುದೂ ಕಷ್ಟ. ಹೀಲಿ ಕೊಳೆತಿದ್ದರೆ ಹೊಸಬರು ಕೈಹಾಕಬಾರದು.

1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಅನಾವರಣಗೊಂಡ ಜಾಗ್ವಾರ್ ಇ-ಟೈಪ್‌ನ ಕಷ್ಟ ಇನ್ನೊಂದು ಬಗೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕಲಾಕೃತಿಗಳ ಜೊತೆ ಇರಿಸಿಕೊಂಡ ಕಾರಿದು. ಎಂಜಿನ್ ಹೊರುವ ಅದರ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ, ಹೊರಗೆ ಏನೂ ಕಾಣದು. ಕೆಲಸ ಮಾಡಿಸಲು ಕೊಪ್ಪರಿಗೆ ಹಣ ಬೇಕು. ಆದರೆ ಮುಗಿದ ಕಾರಿಗೂ ಬೆಲೆಯಿದೆ. ಸಾವಿರದ ಆಸುಪಾಸಿನಲ್ಲಷ್ಟೇ ತಯಾರಾದ ಆಸ್ಟನ್ ಮಾರ್ಟಿನ್ ಡಿಬಿ5 ಆದರಂತೂ ಪ್ರಶ್ನೆಯೇ ಏಳದು. ಅದು ಎಷ್ಟೇ ಕೊಳೆತಿರಲಿ, ಉಳಿಸಲು ಜನ ಸಾಲುಗಟ್ಟುತ್ತಾರೆ.

ಹೊಸ ಮೈ ಬಂದರೂ ಅದೇ ಕಾರೇ?

ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ಹಾಕಿದ ಮೇಲೆ ಅದು ಹಳೇ ಕಾರು ಹೇಗಾದೀತು? ಈ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟ್ ಮೆಟ್ಟಿಲೇರಿತ್ತು. ವ್ಯಾಜ್ಯದ ವಸ್ತು ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟ ಗೆದ್ದ ಕಾರು. ಎರಡೂ ಬಾರಿ ಚಾಲಕರ ಜೋಡಿಯಲ್ಲಿದ್ದವರು ವೂಲ್ಫ್ ಬಾರ್ನಾಟೊ. ಗೆದ್ದ ಮೇಲೂ ಅದು ಓಟ ಬಿಡಲಿಲ್ಲ. ಎಂಜಿನ್ ಬದಲಾಯಿತು, ಭಾಗಗಳು ಬದಲಾದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ಸತ್ತರು. ಆಮೇಲೆ ಕಾರಿಗೆ ಬೇರೆಯದೇ ಮೈ ಬಂತು. ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಕಂಪನಿ, ಇದರಲ್ಲಿ ಓಟ ಗೆದ್ದ ಕಾರಿನ ಅಂಶ ಬಹಳ ಕಡಿಮೆ ಎಂದು ಹಿಂದೆ ಸರಿಯಿತು. ನ್ಯಾಯಮೂರ್ತಿ ಆಟನ್ ಎಲ್ಲ ಸಾಕ್ಷ್ಯ ಆಲಿಸಿದರು. ಮೂಲ ಭಾಗಗಳು ಹೆಚ್ಚು ಉಳಿದಿಲ್ಲ ನಿಜ, ಆದರೆ ಕಾರಿನ ಬದುಕು ಎಲ್ಲೂ ಕಡಿದುಹೋಗಿಲ್ಲ, ಅದು ಒಂದೇ ಕಾರಾಗಿ ಸಾಗಿಬಂದಿದೆ, ಆದ್ದರಿಂದ ಇದು ಓಲ್ಡ್ ನಂಬರ್ ಒನ್ ಹೌದು ಎಂದು ತೀರ್ಪಿತ್ತರು.

ನಮ್ಮೂರ ದೇವರ ತೇರಿನ ವಿಷಯದಲ್ಲಿ ನಾವೂ ಹೀಗೇ ಅಲ್ಲವೇ ಯೋಚಿಸುವುದು? ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ಕೆತ್ತನೆ ಎಷ್ಟೋ ಸಲ ಹೊಸದಾಗಿದೆ. ಆದರೂ ಅಜ್ಜ ಎಳೆದ ತೇರನ್ನೇ ನಾವೂ ಎಳೆಯುತ್ತೇವೆ.

ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ಬಹುಕಾಲ ಬಳಸಿದ ಅಂಕಪಟ್ಟಿಯೂ ಇಲ್ಲಿ ನೆನೆಯತಕ್ಕದ್ದು. ತೀರ ಮಾರ್ಪಾಡಾದ ಕಾರು ತನ್ನ ಹಳೇ ನಂಬರ್ ಉಳಿಸಿಕೊಳ್ಳಲು 8 ಅಂಕ ಬೇಕಿತ್ತು. ಚಾಸಿ ಅಥವಾ ಮೈಗೆ 5. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್‌ಗೆ ತಲಾ 2. ಎಂಜಿನ್‌ಗೆ ಕೇವಲ 1. ಈ ಪಟ್ಟಿ ನೋಡಿದ ದಿನ ನಾನು ಮೊದಲು ಕೊಟ್ಟ ಕಾರಣ ಎಷ್ಟು ತಪ್ಪೆಂದು ಪೂರ್ತಿ ಅರಿವಾಯಿತು. ಎಂಜಿನ್ ಬದಲಾದರೂ ಕಾರು ಅದೇ. ಮೈ ಹೋದರೆ ಮಾತ್ರ ಯೋಚಿಸಬೇಕು.

ಆದರೆ ಹೊಸದು ಮಾಡುವ ಹುಮ್ಮಸ್ಸಿಗೂ ಮಿತಿ ಬೇಕು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿಕೊಂಡ ಟ್ಯೂರಿನ್ ಸನ್ನದು, ಇದ್ದದ್ದನ್ನು ಇದ್ದಂತೆ ಕಾಪಾಡುವುದಕ್ಕೆ ಮೊದಲ ಸ್ಥಾನ ಕೊಡುತ್ತದೆ. ನಮ್ಮ ಕಾನೂನೂ ಅದೇ ದಿಕ್ಕಿನಲ್ಲಿದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ಮೀರಿದ ವಾಹನಕ್ಕೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರ್ ಸಿಗಬೇಕಾದರೆ ಚಾಸಿ, ಮೈ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಸವೆದ ಸ್ಟೀರಿಂಗ್, ಮಾಸಿದ ಸೀಟು ಕಾರಿನ ಬದುಕಿನ ಗುರುತುಗಳು. ಭಾರ ಹೊರುವ ಜಾಗದಲ್ಲಿ ರಾಜಿ ಬೇಡ, ಉಳಿದೆಡೆ ಆದಷ್ಟು ಕಡಿಮೆ ಮುಟ್ಟಬೇಕು. ಬ್ರಿಟನ್ನಿನಲ್ಲಿ 40 ವರ್ಷ ಮೀರಿದ, ದೊಡ್ಡ ಮಾರ್ಪಾಡಾಗದ ಕಾರುಗಳಿಗೆ ಈಗ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಅಂದಮೇಲೆ ಸಿಲ್‌ನಲ್ಲಿ ಉಕ್ಕಿದೆಯೋ ಪುಟ್ಟಿಯಿದೆಯೋ ಎಂಬುದು ಮಾಲೀಕನ ಆತ್ಮಸಾಕ್ಷಿಗೆ ಬಿಟ್ಟದ್ದು.

ನಾಲ್ಕು ಚಳಿಗಾಲ

ಆ ಹಿರಿಯರು ಕಾರನ್ನು ಉಳಿಸಿದರು. ಹೊಸ ಮೈ ತರಿಸಲಿಲ್ಲ. ವೆಲ್ಡಿಂಗ್ ಕಲಿಯಲು ಸಂಜೆ ತರಗತಿಗೆ ಸೇರಿದರು, ಮೊದಲ ಕೆಲ ತಿಂಗಳು ಗುಜರಿ ತಗಡಿನ ಮೇಲೆ ಕೈ ಪಳಗಿಸಿದರು. ಆಮೇಲೆ ಎರಡೂ ಬಾಗಿಲುಗಳ ಚೌಕಟ್ಟಿಗೆ ಅಡ್ಡಲಾಗಿ ಉಕ್ಕಿನ ಕಂಬಿಗಳನ್ನು ಬಿಗಿದರು. ಸಿಲ್ ಕತ್ತರಿಸಿದಾಗ ಕಾರು ಕುಸಿಯದಂತೆ ಅದೇ ಆಧಾರ. ಒಮ್ಮೆಗೆ ಒಂದೇ ಬದಿ. ಕೊಳೆತದ್ದನ್ನು ಗ್ರೈಂಡರ್‌ನಿಂದ ಕತ್ತರಿಸಿ, ಹೊಳೆಯುವ ಉಕ್ಕು ಕಾಣುವವರೆಗೆ ಹಿಂದೆ ಸರಿದು, ಅಲ್ಲಿಂದ ಹೊಸದನ್ನು ಕೂಡಿಸುತ್ತ ಬಂದರು. ಪ್ರತಿ ತಗಡನ್ನೂ ಮೊದಲು ಕ್ಲಾಂಪಿನಲ್ಲಿ ಹಿಡಿದಿಟ್ಟು, ಬಾಗಿಲು ತೂಗುಹಾಕಿ ಮುಚ್ಚಿ ನೋಡುವುದು. ಸಂದಿ ಸಮವಾಗಿದ್ದರೆ ಒಂದೊಂದೇ ಚುಕ್ಕೆ ಬೆಸುಗೆ, ಇಲ್ಲದಿದ್ದರೆ ಬಿಚ್ಚಿ ಮತ್ತೆ. ಒಂದು ಬದಿಯ ಕ್ಯಾಸಲ್ ರೇಲ್ ಕೂರಿಸಿದ ದಿನ ಆ ಬಾಗಿಲನ್ನು ಮೂವತ್ತು ಸಲವಾದರೂ ಹಾಕಿ ತೆಗೆದಿರಬೇಕು. ಕೊನೆಯ ಸಲ ಅದು ‘ಟಕ್’ ಎಂದು ಒಂದೇ ಸದ್ದಿನಲ್ಲಿ ಕೂತಾಗ ಅವರು ಏನೂ ಹೇಳದೆ ಕೈಗವಸು ಕಳಚಿ, ಆ ಸಂದಿಯ ಉದ್ದಕ್ಕೂ ಬೆರಳಾಡಿಸಿದರು.

ನಾಲ್ಕು ಚಳಿಗಾಲ ಹಿಡಿಯಿತು. ಬಿಡಿಭಾಗಕ್ಕೆ ಸುರಿದ ದುಡ್ಡು ಸೇರಿಸಿದರೆ ಕಾರಿನ ಬೆಲೆಗಿಂತ ಹೆಚ್ಚಾಯಿತು, ಅವರ ದುಡಿಮೆಗೆ ಲೆಕ್ಕವೇ ಇಲ್ಲ. ಮಾರಲು ಅವರು ಮಾಡಿರಲೂ ಇಲ್ಲ. ಅರವತ್ತು ದಾಟಿದ ಮೇಲೆ ಒಬ್ಬ ಮನುಷ್ಯ ಹೊಸ ಕಸುಬು ಕಲಿತರು, ಐವತ್ತು ವರ್ಷದ ಹಿಂದಿನ ಕಾರ್ಮಿಕರು ಆಬಿಂಗ್ಡನ್ನಿನಲ್ಲಿ ಮಾಡಿದ ಕೆಲಸವನ್ನು ತಮ್ಮ ಕೈಯಾರೆ ಇನ್ನೊಮ್ಮೆ ಮಾಡಿದರು. ನನ್ನ ದೃಷ್ಟಿಯಲ್ಲಿ ಅದು ಸಾರ್ಥಕ.

ಆದ್ದರಿಂದ ನನ್ನ ತೀರ್ಪು ಇಷ್ಟು. ಅಪರೂಪದ ಕಾರು, ಚರಿತ್ರೆಯಿರುವ ಕಾರು ಎಷ್ಟೇ ಕೊಳೆತಿದ್ದರೂ ಉಳಿಸಲು ಯೋಗ್ಯ. ಲಕ್ಷಗಟ್ಟಲೆ ತಯಾರಾದ ಕಾರಾದರೆ, ಕೆಲಸವನ್ನು ಬಹುಪಾಲು ನಿಮ್ಮ ಕೈಯಿಂದಲೇ ಮಾಡುವಿರಾದರೆ, ಹೋದ ಹಣಕ್ಕೆ ಮರುಗದಿರುವಿರಾದರೆ ಮಾತ್ರ ಯೋಗ್ಯ. ಇಲ್ಲವಾದರೆ ಅದರ ಎಂಜಿನ್, ಗೇರ್‌ಬಾಕ್ಸ್, ದೀಪ, ಗಾಜುಗಳನ್ನು ಬಿಚ್ಚಿ ಇನ್ನೆರಡು ಕಾರು ಬದುಕಲು ಬಿಡಿ. ಅದೂ ಗೌರವದ ಮುಕ್ತಾಯವೇ.

ಕರ್ನಾಟಕದಲ್ಲೂ ಇಂಥ ಗಾಡಿಗಳಿವೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಶ್ರೀರಂಗಪಟ್ಟಣದ ಬಳಿ ಕಟ್ಟಿಸಿರುವ ‘ಪಯಣ’ ಸಂಗ್ರಹಾಲಯದಲ್ಲಿ ಹಳೇ ಕಾರುಗಳು ಸುರಕ್ಷಿತವಾಗಿ ನಿಂತಿವೆ. ಅಲ್ಲಿಗೆ ತಲುಪದವು ಮಲೆನಾಡಿನ ಎಸ್ಟೇಟುಗಳ ಶೆಡ್ಡಿನಲ್ಲಿ, ಹಳೇ ಮನೆಗಳ ಹಿತ್ತಲಿನಲ್ಲಿ ಟಾರ್ಪಾಲು ಹೊದ್ದು ಕೂತಿವೆ. ಒಂದು ಹೆರಾಲ್ಡ್, ಒಂದು ಮಾರಿಸ್ ಮೈನರ್, ತಾತ ಕೊಂಡ ಅಂಬಾಸಿಡರ್. ‘ಎಂದಾದರೂ ಸರಿಮಾಡಿಸೋಣ’ ಎಂದು ಅವನ್ನು ಮಾರದೆ ಇಟ್ಟುಕೊಂಡವರು ನಮ್ಮಲ್ಲಿ ಅನೇಕರು. ಪ್ರೀತಿಯಿಂದಲೇ ಇಟ್ಟುಕೊಂಡಿದ್ದಾರೆ. ಆದರೆ ಪ್ರತಿ ಮಳೆಗಾಲ ಒಂದಿಷ್ಟು ಉಕ್ಕನ್ನು ಹುಡಿಮಾಡಿ ನೆಲಕ್ಕೆ ಸುರಿಸುತ್ತಿದೆ.

ನಿಮ್ಮ ಮನೆಯಲ್ಲೂ ಅಂಥದ್ದೊಂದಿದ್ದರೆ ಬರುವ ಭಾನುವಾರ ಟಾರ್ಪಾಲು ತೆಗೆಯಿರಿ. ಬಾನೆಟ್ ಎತ್ತುವ ಮೊದಲು ಮಂಡಿಯೂರಿ, ಬಾಗಿಲ ಕೆಳಗಿನ ತಗಡನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಉಳಿಸುವುದಾದರೆ ಮುಂದಿನ ಮಳೆಗೆ ಮುಂಚೆ ಒಣ ಜಾಗಕ್ಕೆ ಸೇರಿಸಿ ಕೆಲಸ ಶುರುಮಾಡಿ. ಆಗದಿದ್ದರೆ ಮಾಡಬಲ್ಲವರ ಕೈಗೆ ಇಂದೇ ಕೊಟ್ಟುಬಿಡಿ.